ಭಾವನ ಹನ್ನೊಂದು ಸ್ಲೈಡುಗಳು

ಮಾರ್ಚ್ ೯

ಪ್ರೀತಿಯ ಅಕ್ಕ,

ನಮಸ್ಕಾರ. ನಿನ್ನ ನಾಲ್ಕು ಫೋನಿಗೂ ಉತ್ತರ ಕೊಡದೆ ಕೂತುಬಿಟ್ಟೆ, ಕ್ಷಮಿಸು. ನಿನ್ನ ದನಿ ಕೇಳಿದರೆ ಇದನ್ನು ಹೇಳಲಾರೆ ಅನ್ನಿಸಿ ಕಾಗದ ಹಿಡಿದೆ.

ಭಾವನ ಕೆನ್ನೆ ಹೇಗಿದೆ? ಮೊನ್ನೆ ಆಸ್ಪತ್ರೆಯ ಹಾಸಿಗೆಯಲ್ಲೂ, "ಅರ್ಧ ಮುಖ ಬಾಡಿಗೆಗೆ ಕೊಟ್ಟಿದೀನಿ ಕಣಮ್ಮ, ಬಂದೋರು ಖಾಲಿ ಮಾಡ್ತಿಲ್ಲ" ಅಂದರು. ನಕ್ಕೆ. ಹೊರಗೆ ಬಂದರೆ ನೀನು ಸರ್ಜನ್‌ರನ್ನು ಹತ್ತು ಜನರ ಮುಂದೆ ಹಿಡಿದುಕೊಂಡಿದ್ದೆ: "ಬೇರು ಬಿಟ್ಟು ಕಿತ್ತಿದೀರಿ ಡಾಕ್ಟ್ರೇ, ಅದಕ್ಕೇ ಐದೇ ತಿಂಗಳಿಗೆ ಚಿಗುರಿದೆ." ಅವರು ಒಮ್ಮೆ ನನ್ನ ಕಡೆ ನೋಡಿ ವಾರ್ಡಿನತ್ತ ನಡೆದರು.

ಅಕ್ಕ, ಅವರದು ತಪ್ಪಿಲ್ಲ. ತೆಗೆದ ಗೆಡ್ಡೆಯನ್ನು ಪರೀಕ್ಷೆಗೆ ನಮ್ಮ ಲ್ಯಾಬಿಗೆ ಕಳಿಸಿದ್ದರು. ಮುಖದ ನರಕ್ಕೆ ಬರುವ ಗೆಡ್ಡೆಗಳು ಹೆಚ್ಚಾಗಿ ಸಾಧು, ಕ್ಯಾನ್ಸರ್ ಅಲ್ಲ. ನರದ ಹೊದಿಕೆಯೊಳಗೇ ಮೆಲ್ಲಗೆ ಬೆಳೆದುಕೊಂಡಿರುತ್ತವೆ. ನಾನು ಹಾಗೇ ಬರೆದುಕೊಟ್ಟೆ. ಅದನ್ನು ನಂಬಿ ಅವರು ರೇಡಿಯೇಷನ್ ಕೊಡಲಿಲ್ಲ.

ಮನೆಯವರ ಗೆಡ್ಡೆಯ ಚೂರಿರುವ ಗಾಜಿನ ಸ್ಲೈಡನ್ನು ನಮ್ಮಲ್ಲಿ ಯಾರೂ ತಾವೇ ನೋಡುವುದಿಲ್ಲ, ಪಕ್ಕದ ಟೇಬಲ್ಲಿಗೆ ದಾಟಿಸುವುದು ರೂಢಿ. "ಬೇರೆಯೋರ ಕಣ್ಣು ನಂಗೆ ಬೇಡ, ನೀನೇ ನೋಡು" ಎಂದೆ ನೀನು. ನನಗೂ ಹೆಮ್ಮೆ. ಹನ್ನೊಂದು ಸ್ಲೈಡನ್ನೂ ಇಟ್ಟುಕೊಂಡೆ.

ಕಳೆದ ವಾರ ಅವನ್ನು ನಮ್ಮ ಹಿರಿಯ ಡಾಕ್ಟರ ಮುಂದಿಟ್ಟೆ. ಏಳನೆಯದರ ಅಂಚಿನಲ್ಲಿ ಜೀವಕೋಶಗಳು ಒತ್ತೊತ್ತಾಗಿ, ಒಂದು ಎರಡಾಗುತ್ತ ನಿಂತಿವೆ. ಸಾಧು ಗೆಡ್ಡೆಯಾಗಿದ್ದರೆ ಹಿಡಿಯಬೇಕಾದ ಕಂದು ಬಣ್ಣ, ಈಗ ಹಾಕಿಸಿ ನೋಡಿದರೆ, ಅಲ್ಲಿ ಹತ್ತಲೇ ಇಲ್ಲ. ನರದ ಕ್ಯಾನ್ಸರ್. ಇಪ್ಪತ್ತೆರಡು ವರ್ಷದಲ್ಲಿ ನನ್ನ ಮುಂದೆ ಬಂದದ್ದು ಇದು ಎರಡನೆಯದು. "ಇಷ್ಟು ಅಪರೂಪದ್ದು, ಯಾರಿಗಾದ್ರೂ ತಪ್ಪಿಹೋಗುತ್ತಮ್ಮ" ಎಂದರು ಅವರು. ನನ್ನ ಕಣ್ತಪ್ಪಿಗೆ ಭಾವನ ಐದು ತಿಂಗಳು ಹೋಯಿತು.

ಗುರುವಾರದ ಆಪರೇಷನ್ನಿಗೆ ಸಹಿ ಹಾಕು. ಆ ಸರ್ಜನ್ ಕೈಯಲ್ಲೇ ಆಗಲಿ. ಬೇರೆಡೆ ಅಲೆದು ಇನ್ನಷ್ಟು ದಿನ ಕಳೆಯಬೇಡ. ಸ್ಲೈಡುಗಳನ್ನು ಈ ಸಲ ನಾನು ಮುಟ್ಟುವುದಿಲ್ಲ.

ಭಾವ ಇನ್ನೂ ಬಹಳ ವರ್ಷ ನಿನ್ನ ಜೊತೆ ಜಗಳವಾಡಿಕೊಂಡಿರಲಿ. ನನ್ನನ್ನು ಹರಸು ಎಂದು ಕೇಳುವ ಮುಖ ನನಗಿಲ್ಲ.

ನಿನ್ನ ತಂಗಿ

ತಾ.ಕ.: ಕವರಿಗೆ ಅಂಟು ಹಾಕಿದ್ದೆ, ಮತ್ತೆ ಬಿಚ್ಚಿದೆ. ಕಣ್ತಪ್ಪಲ್ಲ ಅಕ್ಕ. ಆ ಅಂಚನ್ನು ನಾನು ಅವತ್ತೇ ಕಂಡಿದ್ದೆ. ಆ ಕಂದು ಬಣ್ಣ ಆಗಲೇ ಹಾಕಿಸಿದ್ದರೆ ಎರಡು ದಿನದಲ್ಲಿ ತಿಳಿಯುತ್ತಿತ್ತು. ನೀನು ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದೆ. ಸ್ಲೈಡನ್ನು ಸರಿಸಿ ಎದ್ದುಬಂದು, "ಏನೂ ಇಲ್ಲ ಅಕ್ಕ" ಅಂದೆ. ನೀನು ನನ್ನ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡೆ.