ಅಜ್ಜನ ದನಿ ಅಳಿಸಿದವಳು

ನಮ್ಮ ಎಕ್ಸ್‌ಪ್ರೆಸ್ಸಿಗೆ,

ಮೊದಲು ನಿನ್ನ ಯಂತ್ರದೊಳಗೆ ಕೂತು ಪರದೆಯ ಅಕ್ಷರಗಳನ್ನು ಓದಿ ಹೇಳುವ ಆ ಗಂಡಸಿನ ವೇಗ ಇಳಿಸು ಕಣೇ. ಉಳಿದವರಿಗೆ ಜೇನುನೊಣ ಗುಂಯ್‌ಗುಟ್ಟಿದಂತೆ ಕೇಳುವ ವೇಗದಲ್ಲಿ ನೀನು ಇಡೀ ಪುಸ್ತಕ ಕೇಳಿ ಮುಗಿಸುತ್ತೀಯ, ಅದಕ್ಕೇ ತಾನೆ ಆಫೀಸಿನಲ್ಲಿ ನಿನಗೆ ಈ ಹೆಸರು ಬಿದ್ದದ್ದು. ಆದರೆ ಇದೊಂದನ್ನು ನಿಧಾನವಾಗಿ ಕೇಳು. ಕೈಯಲ್ಲಿ ಬರೆದು ಕೊಟ್ಟರೆ ನೀನು ಅದನ್ನು ಯಾರ ಹತ್ತಿರವಾದರೂ ಓದಿಸಿಕೊಳ್ಳಬೇಕಾಗುತ್ತದೆ, ಮತ್ತು ಈ ವಿಷಯವನ್ನು ನೀನು ಬೇರೆಯವರ ಬಾಯಿಂದ ಕೇಳಬಾರದು. ಹಾಗಾಗಿ ಮೇಲ್‌ನಲ್ಲಿ ಕಳಿಸುತ್ತಿದ್ದೇನೆ. ಮದುವೆ ಕರೆಯೋಲೆ, ಸಾವಿನ ಸುದ್ದಿ, ಬಸ್ಸಿನ ವೇಳಾಪಟ್ಟಿ ಎಲ್ಲವನ್ನೂ ಒಂದೇ ದನಿಯಲ್ಲಿ ಓದುವ ಆ ಪುಣ್ಯಾತ್ಮ ಇದನ್ನೂ ಹಾಗೇ ಓದುತ್ತಾನೆ. ಒಳ್ಳೆಯದೇ. ನನ್ನ ದನಿಯಲ್ಲಿ ಕೇಳಿದರೆ ನಿನಗೆ ಅಯ್ಯೋ ಪಾಪ ಅನಿಸಿಬಿಡಬಹುದು, ಅದಕ್ಕೆ ನಾನು ಯೋಗ್ಯಳಲ್ಲ.

ಸುತ್ತಿ ಬಳಸಿ ಹೇಳುವುದಿಲ್ಲ. ಅಜ್ಜನ ದನಿಯನ್ನು ಅಳಿಸಿದ್ದು ನೀನಲ್ಲ. ನಾನು.

ಇಲ್ಲಿಗೆ ನೀನು ಯಂತ್ರ ನಿಲ್ಲಿಸಿ ಎದ್ದು ಹೋಗಿರುತ್ತೀಯ, ನಿನ್ನ ಸಿಟ್ಟು ನನಗೆ ಗೊತ್ತಿಲ್ಲವೇ. ಹೋಗು, ಒಂದು ಲೋಟ ನೀರು ಕುಡಿದು ಬಾ. ಉಳಿದದ್ದನ್ನೂ ಕೇಳು. ಅರ್ಧಕ್ಕೆ ಬಿಟ್ಟರೆ ನಾನು ಮಾಡಿದ್ದರಲ್ಲಿ ಕಡಿಮೆ ಕೆಟ್ಟದ್ದು ಮಾತ್ರ ನಿನಗೆ ಗೊತ್ತಾದಂತಾಗುತ್ತದೆ.

ನೀನು ನಮ್ಮಲ್ಲಿಗೆ ಸೇರಿದ ದಿನ ನೆನಪಿದೆಯೇ? ಟೈರ್ ಅಂಗಡಿಯ ಮೇಲಿನ ಆ ಕೋಣೆಗಳಲ್ಲಿ, ಕಣ್ಣು ಕಾಣದ ಮಕ್ಕಳಿಗಾಗಿ ಪಾಠಪುಸ್ತಕಗಳನ್ನು ಓದಿಸಿ ರೆಕಾರ್ಡ್ ಮಾಡುವ ಕೆಲಸ ನಡೆಯುತ್ತಿತ್ತು. ನಾನು ಮೌಸ್ ಹಿಡಿದು ಒಂದೊಂದೇ ಫೈಲಿನ ಹೆಸರು ಬದಲಿಸುತ್ತಾ ಕೂತಿದ್ದೆ. ಟಕ್ ಟಕ್ ಸದ್ದನ್ನು ಸ್ವಲ್ಪ ಹೊತ್ತು ಕೇಳಿ ನೀನು ಅಂದೆ: "ಏನ್ರೀ ಅದು, ಅಕ್ಕಿಯಲ್ಲಿ ಕಲ್ಲು ಆರಿಸ್ತಿದ್ದೀರಾ?" ನನಗೆ ಮೈಯೆಲ್ಲ ಉರಿದುಹೋಯಿತು. ಮಾರನೆಯ ದಿನ ನೀನು ನಮ್ಮ ವಿಂಡೋಸ್ ಕಂಪ್ಯೂಟರಿಗೆ ಯುನಿಕ್ಸ್ ಎಂಬ ಬೇರೊಂದು ವ್ಯವಸ್ಥೆಯ ಕಡೆಯ ಆ ಪುಟ್ಟ ಪುಟ್ಟ ಸಲಕರಣೆಗಳನ್ನೆಲ್ಲ ತಂದು ಹಾಕಿದೆ. ಚಿತ್ರವಿಲ್ಲ, ಗುಂಡಿಯಿಲ್ಲ, ಒಂದು ಕಪ್ಪು ಕಿಟಕಿ, ಅದರಲ್ಲಿ ಬರೀ ಅಕ್ಷರ. "ನಾನು ಒಂದು ಸಾಲು ಬರೀತೀನಿ, ಅದು ಒಂದು ಸಾಲು ಉತ್ತರ ಕೊಡುತ್ತೆ. ಮೌಸ್ ಇಟ್ಕೊಂಡು ನಾನೇನ್ ಮಾಡ್ಲಿ, ಬೆಕ್ಕು ಸಾಕ್ಲಾ?" ಅಂದಿದ್ದೆ.

ಆ ಸಲಕರಣೆಗಳು ಸುಮ್ಮನೆ ಒಗ್ಗಲಿಲ್ಲ. ಮೊದಲ ದಿನ ಏನು ಬರೆದರೂ "ಅಂಥ ಆದೇಶವೇ ಇಲ್ಲ" ಎಂಬ ಉತ್ತರ. ಯಾವ ಯಾವ ಫೋಲ್ಡರಿಗೆ ಹೋಗಿ ಹುಡುಕಬೇಕೆಂದು ಯಂತ್ರಕ್ಕೆ ಹೇಳಿಯೇ ಇರಲಿಲ್ಲ. ಹೇಳಿಕೊಟ್ಟ ಮೇಲೆ ಫೈಲು ಹುಡುಕಿಕೊಡುವ ಫೈಂಡ್ ಎಂಬ ಆದೇಶ ಹುಚ್ಚುಚ್ಚಾಗಿ ಬೈಯತೊಡಗಿತು. ಅದೇ ಹೆಸರಿನದೊಂದು ವಿಂಡೋಸಿನಲ್ಲಿ ಮೊದಲೇ ಇತ್ತು, ನಾವು ಕರೆದಾಗಲೆಲ್ಲ ಅದೇ ಮುಂದೆ ಓಡಿ ಬರುತ್ತಿತ್ತು. ಹುಡುಕುವ ದಾರಿಯಲ್ಲಿ ನಮ್ಮದನ್ನು ಮುಂದಕ್ಕೆ ತಂದಿಟ್ಟ ಮೇಲೆ ಅದೂ ದಾರಿಗೆ ಬಂತು. ಆಮೇಲೆ ಆದೇಶಗಳನ್ನು ಸಾಲಾಗಿ ಜೋಡಿಸಿ ನಾನು ನೋಟ್‌ಪ್ಯಾಡಿನಲ್ಲಿ ಬರೆದ ಸ್ಕ್ರಿಪ್ಟು. ನೋಡಲು ಎಲ್ಲವೂ ಸರಿ, ಓಡಿಸಿದರೆ ಮೊದಲ ಸಾಲಿಗೇ ಮುಗ್ಗರಿಸುತ್ತಿತ್ತು. ಬೆಳಗಿನಿಂದ ಊಟದ ಹೊತ್ತಿನವರೆಗೆ ಪರದೆಯನ್ನು ದಿಟ್ಟಿಸಿ ನನ್ನ ಕಣ್ಣು ಕೆಂಪಾಯಿತು. ಪ್ರತಿ ಸಾಲಿನ ಕೊನೆಗೂ ವಿಂಡೋಸ್ ಒಂದು ಕಾಣದ ಗುರುತು ಅಂಟಿಸಿತ್ತು ಎಂದು ಪತ್ತೆ ಮಾಡಿದವಳು ನೀನು. "ಇಷ್ಟು ದೊಡ್ಡ ಕಣ್ಣು ಇಟ್ಕೊಂಡು ಏನೇ ಪ್ರಯೋಜನ?" ಎಂದು ನೀನು ನಕ್ಕಾಗ ನಾನೂ ಹೊಟ್ಟೆ ಹಿಡಿದು ನಕ್ಕಿದ್ದೆ. ಅವತ್ತಿನಿಂದ ನಾವು "ರೀ" ಬಿಟ್ಟು "ಕಣೇ"ಗೆ ಇಳಿದೆವು.

ನೀನು ಗಂಟಲು ಹರಿಯುವಂತೆ ಕಲಿಸಿದ್ದೆ. ವಿಂಡೋಸಿನವರು ಹೆಸರಿನ ಮಧ್ಯೆ ಜಾಗ ಬಿಡುತ್ತಾರೆ, ನಮ್ಮ ಸಲಕರಣೆಗಳಿಗೆ ಆ ಜಾಗ ಅಂದರೆ ಹೆಸರು ಮುಗಿಯಿತು ಅಂತ ಅರ್ಥ, ಆದ್ದರಿಂದ ಹೆಸರಿಗೆ ಎರಡೂ ಕಡೆ ಕೋಟ್ಸ್ ಹಾಕು. ಅಳಿಸುವ ಮುಂಚೆ ಅದೇ ಹೆಸರು ಕೊಟ್ಟು ಒಳಗೆ ಏನಿದೆ ನೋಡು. ಕಪ್ಪು ಕಿಟಕಿಯಲ್ಲಿ ಅಳಿಸಿದ್ದು ಕಸದ ಬುಟ್ಟಿಗೆ ಹೋಗುವುದಿಲ್ಲ, ಹೋದದ್ದು ಹೋಯಿತು. ನೀನು ಮಾತ್ರ ಪ್ರತಿ ಸಲ ಬಾಣದ ಗುಂಡಿ ಒತ್ತಿ ಒಂದೊಂದೇ ಅಕ್ಷರ ಕೇಳಿಸಿಕೊಂಡು, "ಸ್ಪೇಸ್" ಎಂದು ಆ ಗಂಡಸು ಹೇಳಿದ ಮೇಲೆಯೇ ಎಂಟರ್ ಒತ್ತುತ್ತಿದ್ದೆ. ನಾನು ಹಿಂದೆ ನಿಂತು "ಎಷ್ಟು ಹೊತ್ತೇ ತಾಯಿ" ಎಂದು ಗೊಣಗುತ್ತಿದ್ದೆ.

ಇನ್ನು ಆ ದಿನ. ನೀನು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಡಿಸ್ಕ್ ತುಂಬಿಹೋಗಿ ರೆಕಾರ್ಡಿಂಗ್ ನಿಂತುಬಿಟ್ಟಿತ್ತು, ಹೊರಗಿನ ಡಿಸ್ಕು ರಿಪೇರಿಗೆ ಹೋಗಿತ್ತು. ನಮಗೆ ಪಾಠ ಓದಿಕೊಡುವ ಅಜ್ಜನ ಫೋಲ್ಡರಿಗೆ ಹಿಂದೆ ಯಾವಾಗಲೋ ಮಾಡಿದ್ದ ಹಳೆಯ ನಕಲೊಂದು ಜಾಗ ಹಿಡಿದು ಕೂತಿತ್ತು. ಅದರಲ್ಲಿ ಮೊದಲ ಕೆಲವು ಪಾಠ ಬಿಟ್ಟರೆ ಏನೂ ಇರಲಿಲ್ಲ. ವಿಂಡೋಸ್ ತಾನಾಗಿಯೇ ಇಡುತ್ತದಲ್ಲ ಹೆಸರು, "ಅಜ್ಜ", ಒಂದು ಜಾಗ, ಅಡ್ಡಗೆರೆ, ಮತ್ತೊಂದು ಜಾಗ, "ಕಾಪಿ". ಮೌಸಿನಿಂದ ಒಂದು ಸಲ ಒತ್ತಿ ಅಳಿಸಬಹುದಿತ್ತು. ಆದರೆ ನನಗೆ ಜಂಭ. ನೀನು ಬರುವಷ್ಟರಲ್ಲಿ ನಿನ್ನ ಕಿಟಕಿಯಲ್ಲೇ, ನಿನ್ನ ಹಾಗೇ, ಚಕಚಕ ಅಂತ ಮಾಡಿ ತೋರಿಸಬೇಕಿತ್ತು. ಕೇಳದೆ ಹೇಳದೆ ಪೂರ್ತಿ ತೆಗೆದುಹಾಕು ಎಂಬ ಆದೇಶ ಬರೆದು, ಮುಂದೆ ಆ ಹೆಸರನ್ನು ಬರೆದೆ. ಕೋಟ್ಸ್ ಇಲ್ಲದೆ. ಎಂಟರ್ ಒತ್ತಿದೆ.

ನಾನು ಬರೆದದ್ದು ಒಂದು ಹೆಸರು, ಅದು ಓದಿಕೊಂಡದ್ದು ಮೂರು. ಅಡ್ಡಗೆರೆ ಎಂಬ ಫೋಲ್ಡರ್ ಇರಲಿಲ್ಲ, ಕಾಪಿ ಎಂಬುದೂ ಇರಲಿಲ್ಲ. ಅಜ್ಜ ಎಂಬುದು ಇತ್ತು. ರೇಡಿಯೋದಲ್ಲಿ ಸುದ್ದಿ ಓದಿ ನಿವೃತ್ತರಾದ ಆ ಹಿರಿಯರು, ಮಕ್ಕಳ ಪರೀಕ್ಷೆಗೆ ಬೇಕೆಂದು ಕೆಮ್ಮು ತಡೆದುಕೊಂಡು ಓದಿದ ಇಡೀ ವಿಜ್ಞಾನ ಪುಸ್ತಕ ಅದರಲ್ಲಿತ್ತು. ಕಿಟಕಿ ಒಂದು ಮಾತೂ ಆಡಲಿಲ್ಲ. ಹಳೆಯ ನಕಲು ಮಾತ್ರ ಇದ್ದಲ್ಲೇ ಇತ್ತು. ನಾನು ಮೂರ್ಖಳ ಹಾಗೆ ಕಸದ ಬುಟ್ಟಿ ತೆರೆದು ನೋಡಿದೆ. ಆಮೇಲೆ ಕಪ್ಪು ಕಿಟಕಿಯ ಮೂಲೆಯ ಗುಣಿಸು ಗುರುತಿನ ಮೇಲೆ ಮೌಸ್ ಒತ್ತಿ ಮುಚ್ಚಿಬಿಟ್ಟೆ. ಹಾಗೆ ಮುಚ್ಚಿದ್ದರಿಂದಲೋ ಏನೋ, ನಾನು ಬರೆದ ಸಾಲು ಅದರ ನೆನಪಿನಲ್ಲಿ ಉಳಿಯಲಿಲ್ಲ. ಅದು ಉಳಿದಿಲ್ಲ ಎಂದು ತಿಳಿದಾಗ ನನಗೆ ಸಮಾಧಾನವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಸಮಾಧಾನವಾದದ್ದು ನಿಜ.

ಯಾರೂ ಸುಳ್ಳು ಹೇಳು ಅನ್ನಲಿಲ್ಲ ನನಗೆ. ಸುಳ್ಳು ಅದಾಗಿಯೇ ಬಂದು ಕೂತುಕೊಂಡಿತು. ಮ್ಯಾನೇಜರು ಬಂದು ನೋಡಿ, ಬಹಳ ಮೃದುವಾಗಿ, "ಪಾಪ, ಅವರಿಗೆ ಕಾಣಲ್ವಲ್ಲ, ಏನೋ ಕೈತಪ್ಪಿರುತ್ತೆ, ಯಾರೂ ಅವರನ್ನ ಬೈಬೇಡಿ" ಅಂದರು. ನೀನು ಡಾಕ್ಟರ ಹತ್ತಿರ ಹೋಗುವ ಮುಂಚೆ ಅದೇ ಜಾಗದಲ್ಲಿ ಕೆಟ್ಟುಹೋದ ತುಣುಕುಗಳನ್ನು ಅಳಿಸಿದ್ದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆಗ ಬಾಯಿ ಬಿಡಬೇಕಿತ್ತು. ನನ್ನ ಬಾಯಿಗೆ ಬೀಗ ಬಿದ್ದಿತ್ತು.

ಮಾರನೆಯ ದಿನ ಅಜ್ಜ ಬಂದದ್ದು ನಿನಗೆ ಗೊತ್ತು, ಅವರು ಕೇಳಿದ್ದೂ ಗೊತ್ತು. "ಯಾರ ಕೈಯಿಂದ ಆಯ್ತಮ್ಮ ಇದು?" ಕೋಣೆಯಲ್ಲಿ ಯಾರೂ ಉತ್ತರ ಕೊಡಲಿಲ್ಲ ಎಂದು ನೀನು ಅಂದುಕೊಂಡಿದ್ದೀಯ. ಆಮೇಲೆ ನನಗೆ ಹೇಳಿದೆಯಲ್ಲ, "ಎಲ್ಲರೂ ಎಷ್ಟು ಒಳ್ಳೆಯವರು ಕಣೇ, ಒಬ್ಬರೂ ನನ್ನ ಹೆಸರು ಎತ್ತಲಿಲ್ಲ." ಇಲ್ಲ ಕಣೇ. ಅವರೆಲ್ಲ ನಿನ್ನೆದುರೇ, ಸದ್ದಿಲ್ಲದೆ, ಗದ್ದ ಎತ್ತಿ ನಿನ್ನ ಕಡೆ ತೋರಿಸಿದರು. ನೀನು ಅವರ ಮಧ್ಯೆಯೇ ಕೈಕಟ್ಟಿ ನಿಂತಿದ್ದೆ. ನಾನು ಗದ್ದ ಎತ್ತಲಿಲ್ಲ, ತಲೆ ತಗ್ಗಿಸಿದೆ. ಅದನ್ನು ನೋಡಿದವರು ನಾನು ನಿನಗಾಗಿ ನಾಚಿಕೊಂಡೆ ಎಂದು ತಿಳಿದರು. ಅಂಥ ಹೊಲಸು ಕೆಲಸವನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ.

ಅದಕ್ಕಿಂತಲೂ ಕೆಟ್ಟದ್ದು ಸಂಜೆ, ಮೆಟ್ಟಿಲ ಹತ್ತಿರ. ನೀನೇ ಬರೆದ ಹಳೆಯ ಆದೇಶಗಳನ್ನೆಲ್ಲ ಮತ್ತೆ ಮತ್ತೆ ಕೇಳಿ ಸುಸ್ತಾಗಿದ್ದೆ ನೀನು. ನನ್ನ ತೋಳು ಹಿಡಿದು ಕೇಳಿದೆ: "ನಾನು ಹಾಗೆ ಮಾಡೋಳಲ್ಲ. ಆದ್ರೂ ಹಲ್ಲುನೋವಿತ್ತು ಅವತ್ತು. ನಿಜ ಹೇಳು, ನಾನೇ ಮಾಡಿರಬಹುದಾ?" ಕರಾರುವಾಕ್ಕಾಗಿ ಕೇಳಿದೆ, ನಂಬಿ ಕೇಳಿದೆ. ನಾನು "ಇರಬಹುದು" ಅಂದೆ.

ಅದಾದ ಮೇಲೆ ನೀನು ಮೊನ್ನೆ ಎರಡು ಸಾಲಿನ ಮೇಲ್ ಬರೆದು, "ತಪ್ಪಿದ್ಯಾ ಸ್ವಲ್ಪ ನೋಡೇ" ಎಂದು ನನ್ನನ್ನು ಕರೆದೆ. ಇಷ್ಟು ವರ್ಷಗಳಲ್ಲಿ ನೀನು ಯಾರಿಗೂ ಹಾಗೆ ಹೇಳಿದ್ದಿಲ್ಲ. ಅದರಲ್ಲಿ ಒಂದು ಚುಕ್ಕೆಯೂ ತಪ್ಪಿರಲಿಲ್ಲ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಅಜ್ಜನೇನೋ ಆ ಪುಸ್ತಕವನ್ನು ಮತ್ತೆ ಓದುತ್ತಿದ್ದಾರೆ, ಈ ಸಲ ಕೆಮ್ಮು ಜಾಸ್ತಿ, ಆದರೂ ಪರೀಕ್ಷೆಯೊಳಗೆ ಮುಗಿಸುತ್ತಾರೆ. ನಿನ್ನ ಧೈರ್ಯವನ್ನು ನಾನು ಎಲ್ಲಿಂದ ತಂದುಕೊಡಲಿ? ಸೋಮವಾರದಿಂದ ಕಂಪ್ಯೂಟರ್ ಬಿಡಿಸಿ ನಿನ್ನನ್ನು ಫೋನ್ ಎತ್ತುವ ಮೇಜಿಗೆ ಹಾಕುತ್ತಾರೆ ಎಂದಾಗ ನೀನು ಜಗಳವಾಡುತ್ತೀಯ ಎಂದು ಕಾದೆ. "ಅದೇ ಒಳ್ಳೇದೇನೋ" ಎಂದು ಸುಮ್ಮನಾದೆಯಲ್ಲ, ಅಲ್ಲಿಗೆ ನನ್ನ ಕೈಯಲ್ಲಿ ಆಗಲಿಲ್ಲ.

ಇವತ್ತು ನೀನು ರಜೆಯಲ್ಲಿದ್ದೆಯಲ್ಲ, ಮಧ್ಯಾಹ್ನ ಮ್ಯಾನೇಜರ ಎದುರು ನಿಂತು ಎಲ್ಲ ಹೇಳಿದೆ. ಕೆಲಸ ಹೋಗುತ್ತದೆ ಎಂದುಕೊಂಡೇ ಹೋಗಿದ್ದೆ. ಅವರು ಏನಂದರು ಗೊತ್ತೇ? "ಅಯ್ಯೋ, ನೀವಾ? ಹೋಗ್ಲಿ ಬಿಡಿ ಮೇಡಂ, ಯಾರಿಗಾದ್ರೂ ಆಗುತ್ತೆ." ನಗುತ್ತಾ ಕುರ್ಚಿ ತೋರಿಸಿದರು. ನೀನು ಮಾಡಿದ್ದು ಅಂದುಕೊಂಡಾಗ ನಿನ್ನ ಕೈಯಿಂದ ಕೀಬೋರ್ಡ್ ಕಿತ್ತುಕೊಂಡರು. ನಾನು ಅಂದಕೂಡಲೇ ಅದು ಯಾರಿಗಾದರೂ ಆಗುವಂಥದ್ದಾಯಿತು. ಫೋನ್ ವಿಷಯ ಕೇಳಿದರೆ, "ಅವರಿಗೂ ಅದೇ ಆರಾಮಲ್ವಾ, ಈಗ ಮತ್ತೆ ಬದಲಾಯಿಸೋದು ಯಾಕೆ?" ಎನ್ನಬೇಕೇ!

ನನಗೆ ಪಿತ್ತ ನೆತ್ತಿಗೇರಿತು. "ತಪ್ಪು ಮಾಡಿದವರು ಫೋನ್ ಎತ್ತಬೇಕು ಅನ್ನೋದು ನಿಮ್ಮ ಲೆಕ್ಕ ತಾನೆ? ಹಾಗಾದ್ರೆ ನಾನು ಎತ್ತುತ್ತೀನಿ. ಆ ಕಪ್ಪು ಕಿಟಕಿ ಗೊತ್ತಿರೋರು ಇಲ್ಲಿ ಇಬ್ಬರೇ. ನಾನಂತೂ ಇನ್ನು ಮುಟ್ಟಲ್ಲ" ಅಂದೆ. "ಇದು ಬ್ಲ್ಯಾಕ್‌ಮೇಲ್ ಅಲ್ವಾ?" ಅಂದರು. ಹೌದು ಅಂದೆ. ಹೊರಗೆ ಬಂದು ಅಜ್ಜನಿಗೂ ಉಳಿದವರಿಗೂ, ಎಲ್ಲರಿಗೂ ಕೇಳುವಂತೆ, ಬಾಯಿಬಿಟ್ಟು ಹೇಳಿದೆ.  "ಆ ಮಗು ನಮ್ಮ ಮಧ್ಯೆ ನಿಂತಿತ್ತಲ್ಲಮ್ಮ" ಅಂದರು ಅಜ್ಜ. ನನ್ನ ಚೀಲ, ನನ್ನ ನೀರಿನ ಬಾಟಲಿ, ಕುರ್ಚಿಯ ದಿಂಬು ಎಲ್ಲವನ್ನೂ ನಾನೇ ಎತ್ತಿ ಫೋನ್ ಮೇಜಿಗೆ ಒಯ್ದಿಟ್ಟು ಬಂದಿದ್ದೇನೆ. ಮ್ಯಾನೇಜರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ, ಸೋಮವಾರ ನೋಡೋಣ ಅಂದಿದ್ದಾರೆ. ನಾನು ಮಾತ್ರ ಅಲ್ಲಿಂದ ಏಳುವುದಿಲ್ಲ.

ನನ್ನನ್ನು ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ. ಬೈಯಬೇಕು ಅನಿಸಿದರೆ ಎಲ್ಲರೆದುರೇ ಬೈ, ಮಾತು ಬಿಡಬೇಕು ಅನಿಸಿದರೆ ಬಿಡು. ಒಂದೇ ಒಂದನ್ನು ಬೇಡಿಕೊಳ್ಳುತ್ತೇನೆ. ಸೋಮವಾರ ಬೆಳಗ್ಗೆ ಬಾ. ಯಾರು ಏನೇ ಅನ್ನಲಿ, ನೇರವಾಗಿ ಹೋಗಿ ನಿನ್ನ ಜಾಗದಲ್ಲಿ ಕೂತುಕೋ. ನನ್ನನ್ನಾಗಲಿ ಇನ್ನೊಬ್ಬರನ್ನಾಗಲಿ "ಸರಿ ಇದ್ಯಾ" ಎಂದು ಕೇಳದೆ ಒಂದು ಸಾಲು ಬರೆದು, ಎಂಟರ್ ಒತ್ತು.

ನಿನ್ನ ಕೈಗಳು ಚೆನ್ನಾಗಿರಲಿ.

ಗೆಳತಿ ಎಂದು ಸಹಿ ಹಾಕಲು ನಾಚುವ,
ಪಕ್ಕದ ಕುರ್ಚಿಯವಳು