ನಡುವಿನ ಜಾಗ

ಶಮೀಮ,

ನೀನು ತೀರಿಕೊಂಡ ಮೇಲೆ ಇಂಥದ್ದನ್ನು ಹೇಳಿಕೊಳ್ಳಲು ನನಗೆ ಬೇರೆ ಯಾರೂ ಇಲ್ಲ. ಇಂದು ಶಿಗ್ಗಾಂವಿಯ ನಮ್ಮ ಕಾಲೇಜಿನಲ್ಲಿ ಜನಸಂಖ್ಯೆ ಮತ್ತು ಭಯೋತ್ಪಾದನೆಯ ಬಗ್ಗೆ ಚರ್ಚಾಸ್ಪರ್ಧೆ ಇತ್ತು. ಹೆಸರು ಕರೆಯುವವಳು ನಾನೇ.

"ಭಯೋತ್ಪಾದಕರು ಹುಟ್ಟೋದ ಮಕ್ಕಳು ಹೆಚ್ಚಿರೋ ಮನ್ಯಾಗ ರೀ," ಎಂದ ವಿದ್ಯಾರ್ಥಿ ಮಾಲತೇಶ.

"ನಮ್ಮ ತವರಮನ್ಯಾಗೂ ನಾವು ಎಂಟು ಮಂದಿ ಮಕ್ಕಳಪಾ," ಎಂದೆ.

"ನಿಮ್ಮದು ಬ್ಯಾರೆ ಬಿಡ್ರಿ, ಮೇಡಂ. ನೀವು ನಮ್ಮವ್ರು."

ಎಲ್ಲರೂ ನಕ್ಕರು. ನಾನೂ ನಕ್ಕೆ.

ಚಿಕ್ಕಂದಿನಲ್ಲಿ ಸವಣೂರಿನ ನಿಮ್ಮ ಮನೆಯಲ್ಲಿ ನೀವು ಏಳು ಮಕ್ಕಳು ಒಂದೇ ಕೌದಿ ಹೊದೆಯುತ್ತಿದ್ದಿರಿ. ನಿನ್ನ ಗೆಳತಿಯಾಗಿ ನಾನು ಉಳಿಯಲು ಬಂದಾಗ ಚಳಿಯಾಗದಿರಲೆಂದು ನಿಮ್ಮ ಅಮ್ಮಿ ನನ್ನನ್ನು ನಡುವೆ ಮಲಗಿಸುತ್ತಿದ್ದರು.

ಮುಂದಿನ ಸರದಿ ನಿಮ್ಮೂರಿನ ರುಬೀನಾಳದು. ಎರಡು ಸಲ ಕರೆದೆ. ಬರೆದು ತಂದ ಹಾಳೆಯನ್ನು ಮಡಚಿಕೊಂಡು ತಲೆ ತಗ್ಗಿಸಿ ಕೂತಿದ್ದವಳು ಏಳಲಿಲ್ಲ.

ನಾನು ಮುಂದಿನ ಹೆಸರು ಕರೆದೆ. ಕಾರ್ಯಕ್ರಮ ಹೊತ್ತಿಗೆ ಸರಿಯಾಗಿ ಮುಗಿಯಿತು.