ಬತ್ತಿಯ ಬುಡದ ಗುರುತು

ಅಕ್ಕಾ,

ಪ್ರಾರ್ಥನಾ ಮಂದಿರಗಳಿಗೆಂದು ನಾವು ಶುರುಮಾಡಿದ ಮೇಣದಬತ್ತಿ ವ್ಯಾಪಾರವನ್ನು ನೋಂದಾಯಿಸಲು ಇವತ್ತು ಹೋಗಿದ್ದೆ. ಪಾಲುದಾರಿಕೆಯೋ, ಒಬ್ಬರದೇ ಮಾಲೀಕತ್ವವೋ ಎಂದು ವಕೀಲರು ಕೇಳಿದರು. ನೀನು ತೀರಿಕೊಂಡು ವರ್ಷವಾಯಿತಲ್ಲ; ಒಬ್ಬಳದೇ ಎಂದೆ.

"ಒಳ್ಳೇದೇ ಆಯ್ತು ಬಿಡಿ ಮೇಡಂ, ಜಗಳ ಆಡೋಕೆ ಯಾರೂ ಇರಲ್ಲ."

ನಕ್ಕುಬಿಟ್ಟೆ. ನನಗೂ ಪಾಲು ಕೊಡೇ ಎಂದು ನೀನು ಕೇಳಿದ ದಿನವೂ ಹೀಗೇ ನಕ್ಕಿದ್ದೆನಲ್ಲವೇ?

ಮನೆಗೆ ಬಂದು, ಬೆಳಿಗ್ಗೆ ಎರೆದಿಟ್ಟಿದ್ದ ಬತ್ತಿಗಳನ್ನು ಅಚ್ಚಿನಿಂದ ಬಿಡಿಸಿದೆ. ಮೇಣ ಆರುವ ಮೊದಲು ಬುಡಕ್ಕೆ ಹೆಬ್ಬೆರಳು ಒತ್ತುವುದು ನಿನ್ನ ಅಭ್ಯಾಸ, ನಾನು ಒತ್ತುವುದಿಲ್ಲ. ಆದರೂ ಪ್ರತಿ ಬುಡದಲ್ಲೂ ಬೆರಳಿನ ಗುರುತಿತ್ತು, ನಡುವೆ ನಿನ್ನ ಹಳೆಯ ಗಾಯದ ಗೆರೆ. ನನ್ನ ಬೆರಳಿಟ್ಟು ನೋಡಿದೆ; ಹೊಂದಲಿಲ್ಲ.

ಅರ್ಜಿ ತಡೆಯಿರಿ ಎಂದು ವಕೀಲರಿಗೆ ಫೋನ್ ಮಾಡಿದೆ.

"ಯಾಕೆ ಮೇಡಂ, ಪಾಲುದಾರರು ಸಿಕ್ಕಿದ್ರಾ?"

ಹೌದು ಎಂದೆ. ಕೈಯಲ್ಲಿದ್ದ ಬತ್ತಿ, ಆ ಗುರುತಿನಲ್ಲಿ ಮಾತ್ರ, ಇನ್ನೂ ಬೆಚ್ಚಗಿತ್ತು.